ಸ್ವಾತಂತ್ರ್ಯೋತ್ಸವ ಕಪ್: ಆಟ ಅರ್ಧ, ಸನ್ಮಾನ ಪೂರ್ತಿ

ಮಾನ್ಯರೇ,

ನಮ್ಮ ಮೈದಾನದಲ್ಲಿ ನಡೆದ ಸ್ವಾತಂತ್ರ್ಯೋತ್ಸವ ಕಪ್ ಫುಟ್‌ಬಾಲ್ ಫೈನಲ್ ಬಗ್ಗೆ ನಿಮ್ಮ ಆಗಸ್ಟ್ 17ರ ಸಂಚಿಕೆಯಲ್ಲಿ 'ಸಂಭ್ರಮದ ತೆರೆ' ಎಂದು ಬಂದಿದೆ. ಹದಿನೈದರ ರಜೆಯಿಂದ ಹದಿನಾರಕ್ಕೆ ಪೇಪರ್ ಇರಲಿಲ್ಲ. ಕಾದು ನೋಡಿದ್ದಕ್ಕೆ ಸಿಕ್ಕಿದ್ದು ಇದು. ಯಾರ ಸಂಭ್ರಮ ಸ್ವಾಮಿ? ತೆರೆ ಎಳೆದಿದ್ದಂತೂ ನಿಜ. ಸೆಕೆಂಡ್ ಹಾಫ್ ಶುರುವಾಗಿ ಇಪ್ಪತ್ತು ನಿಮಿಷ ಆಗುವಷ್ಟರಲ್ಲೇ ಎಳೆದುಬಿಟ್ಟರು. ಮುಖ್ಯ ಅತಿಥಿಗಳಿಗೆ ಇನ್ನೊಂದು ಕಾರ್ಯಕ್ರಮ ಇತ್ತಂತೆ! ನಿಮ್ಮ ವರದಿಯಲ್ಲಿ ಅದರ ಸುಳಿವೇ ಇಲ್ಲ. '1-0 ಅಂತರದ ರೋಚಕ ಗೆಲುವು' ಅಂತ ಬರೆದು ಮುಗಿಸಿದ್ದೀರಿ.

ಮೂರು ಗಂಟೆಗೆ ಕಿಕ್ ಆಫ್ ಅಂತ ಕರಪತ್ರದಲ್ಲಿ ಹಾಕಿದ್ದರು. ಅತಿಥಿಗಳು ಬರುವ ತನಕ ಬಾಲ್ ಮುಟ್ಟುವ ಹಾಗಿಲ್ಲ ಎಂದು ಮೈಕ್‌ನಲ್ಲಿ ಹೇಳಿದ್ದು ನಾವೆಲ್ಲ ಕೂತ ಮೇಲೆ. ಎರಡೂ ತಂಡದ ಹುಡುಗರು ವಾರ್ಮ್ ಅಪ್ ಮಾಡಿದರು, ತಣ್ಣಗಾದರು, ಮತ್ತೆ ಮಾಡಿದರು. ನಡುವೆ ಮಳೆ ಬಂತು. ಶಾಮಿಯಾನ ಇದ್ದದ್ದು ವೇದಿಕೆಗೆ ಮಾತ್ರ. ನಮ್ಮ ಮಾವನವರಿಗೆ ಮಂಡಿ ನೋವು. ಅವರನ್ನು ಮೆಟ್ಟಿಲ ಮೇಲೆ ಕೂರಿಸಿ ಕೊಡೆ ಹಿಡಿದು ನಿಂತಿದ್ದೆ. ಹಿಂದಿನವರಿಗೆ ಅಡ್ಡ ಬಂತೆಂದು ಅವರಿಂದಲೂ ಬೈಸಿಕೊಂಡೆ. ಶೌಚಾಲಯಕ್ಕೆ ಬೀಗ. ಕೇಳಿದರೆ, 'ಗಣ್ಯರು ಬರ್ತಾರೆ, ಕ್ಲೀನ್ ಮಾಡಿಸಿ ಇಟ್ಟಿದ್ದೀವಿ' ಎಂಬ ಉತ್ತರ. ಆ ಗಣ್ಯರು ಅತ್ತ ತಲೆ ಹಾಕಲೂ ಇಲ್ಲ.

ನಾಲ್ಕೂವರೆಗೆ ಕಾರುಗಳು ಬಂದವು. ಅವುಗಳಿಗೆ ಜಾಗ ಮಾಡಲು ನಮ್ಮ ಸ್ಕೂಟರ್‌ಗಳನ್ನು ಎತ್ತಿ ಚರಂಡಿ ಪಕ್ಕಕ್ಕೆ ಹಾಕಿದ್ದರು. ನನ್ನದರ ಕನ್ನಡಿ ಒಡೆದಿದೆ. ಇರಲಿ ಬಿಡಿ, ದೇಶಕ್ಕಾಗಿ ಅಷ್ಟೂ ತ್ಯಾಗ ಮಾಡದಿದ್ದರೆ ಹೇಗೆ!

ಕಡೆಗೂ ಫಸ್ಟ್ ಹಾಫ್ ಆಡಿಸಿದರು. ಆಮೇಲೆ ಹಾಫ್ ಟೈಮ್ ಹೆಸರಲ್ಲಿ ಸನ್ಮಾನ ಶುರು. ಹದಿನೈದು ನಿಮಿಷ ಮೀರಬಾರದು ಅಂತ ಆಟದ ನಿಯಮವೇ ಹೇಳುತ್ತದೆ. ಇಲ್ಲಿ ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ. ಪ್ರಾಯೋಜಕರಿಗೆ, ಅವರ ಅಣ್ಣನಿಗೆ, ಶಾಮಿಯಾನ ಹಾಕಿದವರಿಗೆ. ಬಾಲ್ ಪಂಪ್ ಮಾಡಿದವನೊಬ್ಬನನ್ನು ಬಿಟ್ಟರು ಅನ್ನಿಸುತ್ತದೆ. ಭಾಷಣದಲ್ಲಿ ಅತಿಥಿಗಳು ಕ್ರಿಕೆಟ್ ಬಗ್ಗೆ ಚೆನ್ನಾಗಿ ಮಾತಾಡಿದರು.

ಮತ್ತೆ ಆಟ ಶುರುವಾಗುವ ಹೊತ್ತಿಗೆ ಬೆಳಕು ಇಳಿದಿತ್ತು. ಒಂದು ಗೋಲು ಹಿಂದಿದ್ದ ನಮ್ಮ ಹುಡುಗರು ಏರಿ ಆಡುತ್ತಿದ್ದರು. ಸಾಲಾಗಿ ಕಾರ್ನರ್ ಸಿಗುತ್ತಿತ್ತು. ನಮ್ಮ ಅಕ್ಕನ ಮಗ ಸಬ್‌ಸ್ಟಿಟ್ಯೂಟ್. ಕೋಚ್ ಕರೆದಿದ್ದರು. ಲೇಸ್ ಬಿಗಿದು ಲೈನ್ ಹತ್ತಿರ ನಿಂತಿದ್ದ. ಅಷ್ಟರಲ್ಲಿ ವೇದಿಕೆಯಿಂದ ಒಬ್ಬರು ಇಳಿದು ಬಂದು ರೆಫ್ರಿ ಕಿವಿಯಲ್ಲಿ ಏನೋ ಹೇಳಿದರು. ಉದ್ದ ವಿಷಲ್. ಮುಗೀತು. ಗೆದ್ದ ತಂಡದ ಕೋಚ್ ಕೂಡ ವಾಚ್ ತೋರಿಸಿ ಕೇಳುತ್ತಿದ್ದರು, 'ಏನ್ ಸಾರ್ ಇದು' ಅಂತ. ಆಟದ ಅವಧಿ ಕಮ್ಮಿ ಮಾಡುವುದಿದ್ದರೆ ಮ್ಯಾಚ್ ಶುರುವಾಗುವ ಮೊದಲೇ ರೆಫ್ರಿ ಮತ್ತು ಎರಡೂ ತಂಡ ಒಪ್ಪಿರಬೇಕು. ನಿಯಮ ಏಳು. ಮುಖ್ಯ ಅತಿಥಿಯ ಡೈರಿ ನೋಡಿ ಕಮ್ಮಿ ಮಾಡಬಹುದು ಅಂತ ಎಲ್ಲೂ ಬರೆದಿಲ್ಲ.

ಸ್ವಾತಂತ್ರ್ಯದ ಹೆಸರಿನ ಕಪ್ ಅಲ್ವಾ, ಒಂದು ಲೆಕ್ಕ ಕೇಳಿ. ಸ್ವತಂತ್ರ ಭಾರತ ಒಲಿಂಪಿಕ್ಸ್‌ನಲ್ಲಿ ಮೊದಲು ಫುಟ್‌ಬಾಲ್ ಆಡಿದ್ದು 1948ರಲ್ಲಿ, ಲಂಡನ್‌ನಲ್ಲಿ, ಫ್ರಾನ್ಸ್ ಮೇಲೆ. ನಮ್ಮ ಬೆಂಗಳೂರಿನ ಅಹ್ಮದ್ ಖಾನ್ ಆ ತಂಡದಲ್ಲಿದ್ದರು. ಜಾಸ್ತಿ ಜನ ಬರಿಗಾಲಲ್ಲೇ ಆಡಿದ್ದು. ಸಾರಂಗಪಾಣಿ ರಾಮನ್ ಗೋಲು ಹೊಡೆದು 1-1 ಮಾಡಿದ್ದು ಎಪ್ಪತ್ತನೇ ನಿಮಿಷದಲ್ಲಿ, ಅಂದರೆ ಸೆಕೆಂಡ್ ಹಾಫ್ ಶುರುವಾಗಿ ಇಪ್ಪತ್ತೈದು ನಿಮಿಷಕ್ಕೆ. ನಮ್ಮ ಈ ಅತಿಥಿಗಳು ಅಲ್ಲಿ ವೇದಿಕೆ ಮೇಲಿದ್ದಿದ್ದರೆ ಅಷ್ಟೊತ್ತಿಗೆ ಬಹುಮಾನ ಹಂಚಿ ಹೊರಟಿರುತ್ತಿದ್ದರು. ಆ ಗೋಲೇ ಇರುತ್ತಿರಲಿಲ್ಲ. ಕೊನೆಗೆ 2-1ರಲ್ಲಿ ಸೋತೆವು, ಆದರೆ ಪೂರ್ತಿ ಆಡಿ ಸೋತೆವು. ಅದಕ್ಕೂ ಮೊದಲು, 1937ರಲ್ಲಿ, ಬ್ರಿಟಿಷ್ ಪಲ್ಟನ್‌ಗಳ ಸ್ವತ್ತಿನಂತಿದ್ದ ರೋವರ್ಸ್ ಕಪ್ ಅನ್ನು ನಮ್ಮ ಬೆಂಗಳೂರು ಮುಸ್ಲಿಮ್ಸ್ ಕ್ಲಬ್ ಬಾಂಬೆಗೆ ಹೋಗಿ ಗೆದ್ದು ತಂದಿತು. ಮರುವರ್ಷವೂ ಗೆದ್ದಿತು. ಭಾಷಣಕ್ಕೆ ಇಷ್ಟು ಓದಿಕೊಂಡು ಬಂದಿದ್ದರೆ ಸಾಕಿತ್ತು. ಯಾರು ಓದುತ್ತಾರೆ?

ಇನ್ನು ನೀವು ಹಾಕಿದ ಫೋಟೊ. ಕಪ್ ಅತಿಥಿಗಳ ಕೈಯಲ್ಲಿದೆ. ಗೆದ್ದ ತಂಡದ ಕ್ಯಾಪ್ಟನ್‌ನ ಮೊಣಕೈ ಮಾತ್ರ ಕಾಣುತ್ತದೆ. 2022ರಲ್ಲಿ ಬೆಂಗಳೂರು ಎಫ್‌ಸಿ ಡುರಾಂಡ್ ಕಪ್ ಗೆದ್ದಾಗ ಕೋಲ್ಕತ್ತದ ವೇದಿಕೆಯಲ್ಲಿ ಫೋಟೊಗಾಗಿ ಗೆದ್ದ ತಂಡದ ಕ್ಯಾಪ್ಟನ್ ಸುನಿಲ್ ಛೆಟ್ರಿಯನ್ನೇ ಪಕ್ಕಕ್ಕೆ ಸರಿಸಿದರು. ಇಡೀ ದೇಶ ನೋಡಿ ಬೈದಿತು. ಛೆಟ್ರಿಗೇ ಹಾಗಾದರೆ ನಮ್ಮ ಗಲ್ಲಿ ಹುಡುಗರ ಪಾಡೇನು?

ಈ ಮೈದಾನದ ಕತೆಯೇ ಇಷ್ಟು. ದೀಪದ ಕಂಬ ನಿಲ್ಲಿಸಿ ಹೋದರು, ದೀಪ ಹಾಕಲಿಲ್ಲ. ಹಾಕಿದ್ದರೆ ಕತ್ತಲಾಯಿತು ಅನ್ನುವ ನೆಪವೂ ಇರುತ್ತಿರಲಿಲ್ಲ. ಎಕ್ಸಿಬಿಷನ್‌ನವರು ಗುಂಡಿ ತೋಡಿದರು, ಯಾರೂ ಮುಚ್ಚಲಿಲ್ಲ. ಪೆನಾಲ್ಟಿ ಜಾಗದಲ್ಲಿ ಈಗಲೂ ಜಲ್ಲಿ ಇದೆ. ಮನವಿ ಕೊಟ್ಟರೆ 'ಇದು ನಮ್ಮ ವ್ಯಾಪ್ತಿಗೆ ಬರಲ್ಲ' ಅನ್ನುತ್ತಾರೆ. ಮೊದಲು ಊರಿಗೆ ಒಂದೇ ಪಾಲಿಕೆ ಇತ್ತು. 2025ರ ಸೆಪ್ಟೆಂಬರ್‌ನಿಂದ ಐದು. ವ್ಯಾಪ್ತಿಗೆ ಬರಲ್ಲ ಅನ್ನುವವರೂ ಐದು ಪಟ್ಟು ಆದರು. ಫ್ಲೆಕ್ಸ್‌ಗೆ ಮಾತ್ರ ಯಾವ ವ್ಯಾಪ್ತಿಯೂ ಇಲ್ಲ. ನಿಷೇಧ ಇರುವ ಊರಲ್ಲಿ ಗೋಲ್ ಪೋಸ್ಟ್ ಹಿಂದೆ ಬಲೆ ಕಾಣದಷ್ಟು ಮುಖಗಳು! 2023ರಲ್ಲಿ 54 ವರ್ಷದ ಮೇಲೆ ಕರ್ನಾಟಕ ರಾಜ್ಯಗಳ ನಡುವಿನ ಫುಟ್‌ಬಾಲ್ ಟೂರ್ನಿ ಸಂತೋಷ್ ಟ್ರೋಫಿ ಗೆದ್ದಾಗಲೂ ಇದೇ ಮೈದಾನಕ್ಕೆ ಶುಭಾಶಯದ ಫ್ಲೆಕ್ಸ್ ಬಂತು. ಒಂದು ಬುಟ್ಟಿ ಮಣ್ಣು ಬರಲಿಲ್ಲ.

ಸಂಬಂಧಪಟ್ಟವರು ಈಗಲಾದರೂ ಗಮನ ಹರಿಸಬೇಕು. ಬಾಕಿ ಇಪ್ಪತ್ತೈದು ನಿಮಿಷ ಆಡಿಸಬೇಕು, ಅಥವಾ ಫೈನಲ್ ಪೂರ್ತಿ ಇನ್ನೊಮ್ಮೆ ನಡೆಸಬೇಕು. ಆಗದಿದ್ದರೆ ಮುಂದಿನ ವರ್ಷ ಟೂರ್ನಿ ಬಿಟ್ಟು ಬರೀ ಸನ್ಮಾನ ಇಟ್ಟುಕೊಳ್ಳಿ, ನಮ್ಮ ಹುಡುಗರು ಮನೆಯಲ್ಲಾದರೂ ಇರುತ್ತಾರೆ. ಮೂರು ಗಂಟೆ ಅಂದರೆ ಮೂರು ಗಂಟೆಗೆ ಬರಲು ಆಗದವರನ್ನು ಯಾಕ್ರೀ ಕರೀತೀರಿ? ಅಷ್ಟೂ ಗೊತ್ತಾಗಲ್ವಾ? ಹಾಗೆಯೇ, ಆ ಶೌಚಾಲಯದ ಬೀಗದ ಕೈ ಯಾರ ಹತ್ತಿರ ಇದೆಯೋ ಅವರು ದಯವಿಟ್ಟು ತೆಗೆಯಲಿ. ಈ ಪತ್ರ ಬರೆಯುವಾಗಲೂ ಅದಕ್ಕೆ ಬೀಗವೇ ಇದೆ.

— ನೊಂದ ಫುಟ್‌ಬಾಲ್ ಪ್ರೇಕ್ಷಕ, ಬೆಂಗಳೂರು