ಮೃಗಾಲಯದ ಕೆಲಸಕ್ಕೆ ಸೇರಿದ ಮಗಳಿಗೆ

ಚಿರಂಜೀವಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಪ್ರಾಣಿಪಾಲಕಿಯಾಗಿ ಕೆಲಸಕ್ಕೆ ಸೇರಿದೆ ಎಂದು ತಿಳಿದು ಮನಸ್ಸು ತುಂಬಿ ಬಂತು. ಪ್ರಾಣಿಗಳ ಸ್ವಭಾವವನ್ನು ಹೇಳಿಕೊಡಲು ಅಲ್ಲಿ ಹಿರಿಯರಿರುತ್ತಾರೆ. ಕಾನೂನಿನ ಮಾತು ಬಂದರೆ ಮಾತ್ರ ಹೆಚ್ಚಿನವರು ಅದು ಕಚೇರಿಯವರ ಕೆಲಸವೆಂದು ಸುಮ್ಮನಾಗುತ್ತಾರೆ. ನಾನೂ ಕೆಲವು ವರ್ಷ ಹಾಗೆಯೇ ನಂಬಿದ್ದೆ. ಮೃಗಾಲಯ ನಡೆಸುವ ಪರವಾನಗಿಯು ಸಂಸ್ಥೆಯ ಹೆಸರಿನಲ್ಲಿರುವುದು ನಿಜವಾದರೂ, ಅದರ ಷರತ್ತುಗಳು ಉಳಿಯುವುದೂ ಮುರಿಯುವುದೂ ಆವರಣದ ಬೀಗದ ಕೈ ಹಿಡಿದವರಿಂದಲೇ.

ಮೊದಲು, ನಿನ್ನ ವಶದಲ್ಲಿರುವ ಪ್ರಾಣಿಗೆ ಯಾವ ಕಾನೂನು ಅನ್ವಯಿಸುತ್ತದೆ ಎಂದು ತಿಳಿದುಕೋ, ಏಕೆಂದರೆ ಇದು ದೇಶದಿಂದ ದೇಶಕ್ಕೆ ಬಹಳ ಬದಲಾಗುತ್ತದೆ. ಬ್ರಿಟನ್‌ನಲ್ಲಿ 1981ರ ಮೃಗಾಲಯ ಪರವಾನಗಿ ಕಾಯ್ದೆಯಿದೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಕೇಂದ್ರೀಯ ಮೃಗಾಲಯ ಪ್ರಾಧಿಕಾರದ ಮಾನ್ಯತೆಯಿಲ್ಲದೆ ಮೃಗಾಲಯ ನಡೆಸುವಂತಿಲ್ಲ. ಅಲ್ಲಿನ ಪ್ರಾಣಿಯನ್ನು ಕೆಣಕುವುದಾಗಲಿ ಅದಕ್ಕೆ ತಿನ್ನಿಸುವುದಾಗಲಿ ಅಪರಾಧವಾದುದರಿಂದ, ಸಂದರ್ಶಕರನ್ನು ತಡೆಯುವಾಗ ಪಾಲಕರು ಸಂಕೋಚಪಡಬೇಕಿಲ್ಲ. ಅಮೆರಿಕದ 1966ರ ಪ್ರಾಣಿ ಕಲ್ಯಾಣ ಕಾಯ್ದೆಯ ವ್ಯಾಪ್ತಿಗೆ ಸರೀಸೃಪಗಳೂ ಮೀನುಗಳೂ ಬರುವುದೇ ಇಲ್ಲ, ಹಾಗಾಗಿ ಒಂದೇ ಮೃಗಾಲಯದಲ್ಲಿ ಹುಲಿಯನ್ನು ನೋಡಿಕೊಳ್ಳುವವರೂ ಹಾವನ್ನು ನೋಡಿಕೊಳ್ಳುವವರೂ ಬೇರೆ ಬೇರೆ ನಿಯಮಗಳನ್ನು ಓದಬೇಕಾಗುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ ನಿನ್ನ ದಿನಚರಿ ಪುಸ್ತಕವನ್ನು ಕಾಪಾಡಿಕೋ. ಜನನ, ಮರಣ, ಮೇವು, ಗಾಯ, ಔಷಧ, ಸ್ಥಳಾಂತರ ಇವೆಲ್ಲವನ್ನೂ ದಾಖಲಿಸಬೇಕೆಂಬ ನಿಯಮ ಬಹುತೇಕ ಎಲ್ಲೆಡೆಯೂ ಇದೆ, ಮತ್ತು ತಪಾಸಣೆಗೆ ಬಂದವರು ಪ್ರಾಣಿಯನ್ನು ನೋಡುವಷ್ಟೇ ಸೂಕ್ಷ್ಮವಾಗಿ ಆ ಪುಟಗಳನ್ನು ನೋಡುತ್ತಾರೆ. ಕೆಲಸದ ಆರಂಭದ ದಿನಗಳಲ್ಲಿ ಒಂದು ಜಿಂಕೆ ಎರಡು ದಿನ ಮೇವು ಮುಟ್ಟದಿದ್ದುದನ್ನು ಕಣ್ಣಾರೆ ಕಂಡೂ, ನಾಳೆ ಸರಿಹೋದೀತೆಂದು ನಾನು ಎಂದಿನಂತೆ 'ಆರೋಗ್ಯವಾಗಿದೆ' ಎಂದು ಬರೆದಿದ್ದೆ. ಮೂರನೆಯ ದಿನ ಬೆಳಿಗ್ಗೆ ಅದು ಸತ್ತು ಬಿದ್ದಿತ್ತು. ಕಾಯಿಲೆ ಹಲವು ದಿನಗಳದ್ದೆಂದು ಮರಣೋತ್ತರ ಪರೀಕ್ಷೆ ಹೇಳಿತು; ಆ ವರದಿಯ ಪಕ್ಕದಲ್ಲಿ ನನ್ನ ಎರಡು ಸಾಲುಗಳನ್ನಿಟ್ಟು ನೋಡಿದವರಿಗೆ ನಾನು ಏನನ್ನೂ ಹೇಳಲಾಗಲಿಲ್ಲ. ನಿಜವನ್ನು ಬರೆದಿದ್ದರೆ ವೈದ್ಯರು ಮೊದಲ ದಿನವೇ ಬರುತ್ತಿದ್ದರು ಎಂಬುದು ಇಂದಿಗೂ ನನ್ನನ್ನು ಕಾಡುತ್ತದೆ. ಕಂಡದ್ದನ್ನು ಕಂಡ ಹೊತ್ತಿನಲ್ಲೇ ಬರೆ. ತಪ್ಪಾಗಿ ಬರೆದರೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ತಿದ್ದಿ, ದಿನಾಂಕ ಹಾಕಿ ಸಹಿ ಮಾಡು. ಹಾಳೆಯನ್ನು ಎಂದಿಗೂ ಹರಿಯಬೇಡ.

ಇನ್ನೊಂದು ವಿಷಯ ಹೊಸಬರಿಗೆ ಹೊಳೆಯುವುದೇ ಇಲ್ಲ. ಉದುರಿದ ಗರಿ, ಕಳಚಿದ ಉಗುರು, ಮುರಿದ ಕೊಂಬು ಯಾವುದೂ ನಿನ್ನದಲ್ಲ. ಅಮೆರಿಕದಲ್ಲಿ 1918ರ ವಲಸೆ ಹಕ್ಕಿಗಳ ಕಾಯ್ದೆಯಂತೆ, ಸಂರಕ್ಷಿತ ಹಕ್ಕಿಯ ನೆಲಕ್ಕೆ ಬಿದ್ದ ಗರಿಯನ್ನು ಅನುಮತಿಯಿಲ್ಲದೆ ಇಟ್ಟುಕೊಳ್ಳುವುದೂ ತಪ್ಪು. 1973ರಲ್ಲಿ ವಾಷಿಂಗ್ಟನ್‌ನಲ್ಲಿ ಸಹಿಯಾಗಿ 1975ರಲ್ಲಿ ಜಾರಿಗೆ ಬಂದ ಸೈಟಿಸ್, ಅಂದರೆ ಅಳಿವಿನ ಭೀತಿಯಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಒಪ್ಪಂದವು, ಜೀವಂತ ಪ್ರಾಣಿಗಳ ಜೊತೆಗೆ ಅವುಗಳ ಅಂಗಾಂಶಗಳ ಮೇಲೂ ಕಣ್ಣಿಟ್ಟಿದೆ. ಅತಿ ಕಟ್ಟುನಿಟ್ಟಿನ ರಕ್ಷಣೆಯಿರುವ ಅದರ ಮೊದಲನೆಯ ಅನುಬಂಧದಲ್ಲಿ ಸೇರಿದ ಹುಲಿಯಂತಹ ಪ್ರಾಣಿಯ ರಕ್ತದ ಮಾದರಿ ಗಡಿ ದಾಟಬೇಕಾದರೂ ಕಾಗದಪತ್ರ ಬೇಕು. ಯಾರಾದರೂ ಪರಿಚಯದವರು ನೆನಪಿಗೆಂದು ಒಂದು ಗರಿ ಕೇಳಿದರೆ, ಕೊಡಲಾಗದೆಂದು ಸ್ಪಷ್ಟವಾಗಿ ಹೇಳಿಬಿಡು.

ಅರಿವಳಿಕೆಯ ಔಷಧಗಳನ್ನು ಮುಟ್ಟುವ ಅಧಿಕಾರ ಪಶುವೈದ್ಯರಿಗೂ ಅವರು ನೇಮಿಸಿದವರಿಗೂ ಸೇರಿದ್ದು. ದೊಡ್ಡ ಪ್ರಾಣಿಗಳಿಗೆ ಬಳಸುವ ಎಟಾರ್ಫಿನ್‌ನ ಸಣ್ಣ ಹನಿಯೂ ಮನುಷ್ಯನ ಪ್ರಾಣ ತೆಗೆಯಬಲ್ಲದು. ಅಪಾಯಕಾರಿ ಪ್ರಾಣಿಯ ಆವರಣಕ್ಕೆ ಒಬ್ಬಳೇ ಹೋಗು ಎಂದು ಯಾರಾದರೂ ಹೇಳಿದರೆ, ಕಾರ್ಮಿಕರ ಸುರಕ್ಷತೆಯ ಕಾನೂನುಗಳು ನಿನಗೂ ಇವೆ ಎಂಬುದು ನೆನಪಿರಲಿ. ಲಿಖಿತ ಸೂಚನೆ ಕೇಳು. ಹಾಗೆ ಕೇಳುವುದು ಅವಿಧೇಯತೆಯಲ್ಲ.

ನಿನ್ನ ವಿಭಾಗಕ್ಕೆ ಅನ್ವಯಿಸುವ ಪರವಾನಗಿ ಷರತ್ತುಗಳ ಪ್ರತಿಯನ್ನು ಈ ವಾರವೇ ಕೇಳಿ ಪಡೆದುಕೋ. ಓದಿಯೂ ಅರ್ಥವಾಗದ ಕಲಮುಗಳನ್ನು ಗುರುತು ಮಾಡಿ ನನಗೆ ಬರೆದು ಕಳುಹಿಸು, ಒಂದೊಂದನ್ನೇ ಬಿಡಿಸಿ ಉತ್ತರಿಸುತ್ತೇನೆ.

ನಿನ್ನ ದೊಡ್ಡಪ್ಪ