ಗ್ಯಾಲರಿಗೆ ಹೋಗುವ ಮಕ್ಕಳ ಕೈಗೆ ಪ್ರಶ್ನೆಗಳ ಪಟ್ಟಿ ಕೊಡಿ

ಸಂಪಾದಕರಿಗೆ ನಮಸ್ಕಾರ.

ಡಿಸೆಂಬರ್ ಬಂತೆಂದರೆ ನಮ್ಮ ಭಾಗದ ಶಾಲೆಗಳು ಮಕ್ಕಳಿಗೆ ಅಧಿವೇಶನ ತೋರಿಸಲು ಬೆಳಗಾವಿಯ ಸುವರ್ಣ ವಿಧಾನಸೌಧಕ್ಕೆ ಹೊರಡುತ್ತವೆ. ಒಳ್ಳೆಯದೇ. ನಾನು ಜಮಖಂಡಿ ತಾಲ್ಲೂಕಿನ ಕಬ್ಬು ಬೆಳೆಗಾರ, ನಮ್ಮೂರ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ. ಕಳೆದ ಸಲ ಮಕ್ಕಳ ಜೊತೆ ನಾನೂ ಹೋಗಿದ್ದೆ. ಈ ಪ್ರವಾಸದ ಬಗ್ಗೆ ನನ್ನದೊಂದು ತಕರಾರಿದೆ.

ನಮ್ಮ ಮಕ್ಕಳಿಗೆ ಅಂಕಿಗಳೆಲ್ಲ ಬಾಯಿಪಾಠ. ವಿಧಾನಸಭೆಗೆ 224, ವಿಧಾನ ಪರಿಷತ್ತಿಗೆ 75, ಲೋಕಸಭೆಗೆ ನಮ್ಮ ರಾಜ್ಯದಿಂದ 28. ಪಟಪಟ ಹೇಳುತ್ತಾರೆ. ಆದರೆ ಗ್ಯಾಲರಿಯಲ್ಲಿ ಕೂತಿದ್ದ ಏಳನೇ ತರಗತಿಯ ಹುಡುಗಿ ನನ್ನ ಕಿವಿಯಲ್ಲಿ ಕೇಳಿದ್ದು: ‘ಕಾಕಾ, ಇವರೊಳಗ ಸರ್ಕಾರ ಯಾವುದ್ರಿ?’

ಭಾಳ ಚಲೋ ಪ್ರಶ್ನೆ. ದೊಡ್ಡವರಲ್ಲೂ ಎಷ್ಟೋ ಜನ ಒಳಗೆ ಕೂತವರೆಲ್ಲ ಸರ್ಕಾರ, ವಿರೋಧ ಪಕ್ಷದವರು ಮಾತ್ರ ಸುಮ್ನೆ ಕೂಗಾಡಲು ಬಂದವರು ಅಂದುಕೊಂಡಿದ್ದಾರೆ.

ಹೊರಗೆ ಬಂದು ಊಟಕ್ಕೆ ಕೂತಾಗ ಅವಳಿಗೆ ವಿವರಿಸಿದೆ. ಮುಖ್ಯಮಂತ್ರಿ, ಮಂತ್ರಿಗಳು ಸೇರಿದರೆ ಸರ್ಕಾರ. 2003ರ 91ನೇ ತಿದ್ದುಪಡಿ ಪ್ರಕಾರ ಅವರ ಸಂಖ್ಯೆ ವಿಧಾನಸಭೆಯ ಶೇ 15 ದಾಟುವಂತಿಲ್ಲ. ನಮ್ಮಲ್ಲಿ ಮುಖ್ಯಮಂತ್ರಿಯೂ ಸೇರಿ ಹೆಚ್ಚೆಂದರೆ 34. ಉಳಿದ ಶಾಸಕರು, ಆಡಳಿತ ಪಕ್ಷದವರು ಕೂಡ, ಸರ್ಕಾರ ಅಲ್ಲ. ಸರ್ಕಾರ ತಂದ ಮಸೂದೆಯನ್ನು ತೂಗಿ ನೋಡುವುದು, ಅದು ಕೇಳಿದ ಹಣಕ್ಕೆ ಒಪ್ಪಿಗೆ ಕೊಡುವುದು ಅಥವಾ ಬಿಡುವುದು, ಖರ್ಚಿನ ಲೆಕ್ಕ ಕೇಳುವುದು ಅವರ ಕೆಲಸ. ವಿಧಾನಸಭೆಯಲ್ಲಿ ಬಹುಮತ ಹೋದರೆ ಸರ್ಕಾರವೇ ಬೀಳುತ್ತದೆ. ‘ಹಂಗಾದ್ರ ಮಂತ್ರಿಗಳು ಅಂಜಿಕೊಂಡ ಇರ್ತಾರೇನ್ರಿ?’ ಎಂದ ಪಕ್ಕದ ಹುಡುಗ. ಇರಲಿ ಅಂತಲೇ ಹಾಗೆ ಮಾಡಿದ್ದಾರೆ ಎಂದೆ. (ಪಕ್ಷದ ವಿಪ್, ಅಂದರೆ ಹೀಗೇ ಮತ ಹಾಕಬೇಕೆಂಬ ಆದೇಶ, ಮೀರಿದ ಶಾಸಕರ ಸದಸ್ಯತ್ವವೇ ಹೋಗಬಹುದು ಅನ್ನುವ ಮಾತನ್ನು ಹೈಸ್ಕೂಲಿಗೆ ಬಿಟ್ಟೆ.)

ನಮ್ಮನ್ನು ಒಳಗೆ ಬಿಟ್ಟಿದ್ದು ಮಧ್ಯಾಹ್ನ. ಖಾಲಿ ಕುರ್ಚಿಗಳೇ ಜಾಸ್ತಿ. ಸದಸ್ಯರೊಬ್ಬರು ಕಾಗದ ನೋಡಿ ಓದುತ್ತಿದ್ದರು. ಮಕ್ಕಳಿಗೆ ತಲೆಬುಡ ತಿಳಿಯಲಿಲ್ಲ. ‘ಇವರಿಗೆ ಹಾಜರಿ ಇಲ್ಲೇನ್ರಿ?’ ಎಂದು ಕೇಳಿದರು. ಕಡೆಯ ಪಕ್ಷ ಹತ್ತನೇ ಒಂದು ಭಾಗ ಸದಸ್ಯರು ಇರಲೇಬೇಕು, ಅದಕ್ಕೆ ಕೋರಂ ಅಂತಾರೆ, ಅಷ್ಟೂ ಇಲ್ಲದಿದ್ದರೆ ಸಭಾಧ್ಯಕ್ಷರು ಕಲಾಪ ನಿಲ್ಲಿಸಬೇಕು ಎಂದು ನಾನು ಹೇಳಿದೆ. ಸಮಾಧಾನ ಆದಂತೆ ಕಾಣಲಿಲ್ಲ. ನನಗೂ ಆಗಿಲ್ಲ ಬಿಡಿ.

ಹೊರಗೆ ರೈತರ ಪ್ರತಿಭಟನೆಯ ಪೆಂಡಾಲು ಕಂಡ ಮೇಲೆ ಮಕ್ಕಳಿಗೆ ಮಾತು ಬಂತು. ಬಹುತೇಕ ಎಲ್ಲರ ಮನೆಯಲ್ಲೂ ಕಬ್ಬು ಇದೆ. ದರ ಇಲ್ಲೇ ಮಾಡ್ತಾರಾ ಅಂತ ಕೇಳಿದರು. ಎಫ್‌ಆರ್‌ಪಿ, ಅಂದರೆ ಕಾರ್ಖಾನೆಗಳು ಕಬ್ಬಿಗೆ ಕೊಡಲೇಬೇಕಾದ ಕನಿಷ್ಠ ದರ, ನಿಗದಿ ಮಾಡುವುದು ಕೇಂದ್ರ ಸರ್ಕಾರ, ಅದನ್ನು ಪ್ರಶ್ನೆ ಮಾಡಬೇಕಾದವರು ದೆಹಲಿಗೆ ಹೋದ ನಮ್ಮ ಸಂಸದರು. ಆದರೆ ಕಾರ್ಖಾನೆಯಿಂದ ಬಾಕಿ ಕೊಡಿಸುವುದು, ತೂಕದಲ್ಲಿ ಮೋಸ ಆಗದಂತೆ ನೋಡುವುದು ರಾಜ್ಯ ಸರ್ಕಾರದ ಹೊಣೆ. ಅದಕ್ಕೇ ಪೆಂಡಾಲು ಇಲ್ಲಿದೆ. ಎರಡು ಸರ್ಕಾರಗಳ ಪಾಠ ಅವರಿಗೆ ಅಷ್ಟರಲ್ಲೇ ತಿಳಿಯಿತು. ನಮ್ಮ ಸಾವಳಗಿಯ ಬಿ.ಡಿ. ಜತ್ತಿಯವರನ್ನೂ ನೆನಪಿಸಿದೆ. ಜಮಖಂಡಿ ಪುರಸಭೆಯಿಂದ ಶುರು ಮಾಡಿ, 1958ರಲ್ಲಿ ಮುಖ್ಯಮಂತ್ರಿಯಾಗಿ, 1974ರಲ್ಲಿ ಉಪರಾಷ್ಟ್ರಪತಿಯಾಗಿ, ಅಂದರೆ ರಾಜ್ಯಸಭೆಯ ಸಭಾಪತಿಯೂ ಆಗಿ, 1977ರಲ್ಲಿ ಹಂಗಾಮಿ ರಾಷ್ಟ್ರಪತಿಯೂ ಆದವರು. ಮೆಟ್ಟಿಲು ಮೆಟ್ಟಿಲಾಗಿ ವ್ಯವಸ್ಥೆ ಹೇಳಿಕೊಡಲು ನಮ್ಮ ತಾಲ್ಲೂಕಿನವರೇ ಇರುವಾಗ ಬರೀ ಅಂಕಿ ಯಾಕೆ ಉರು ಹೊಡೆಸಬೇಕು?

ಈಗ ನನ್ನ ಬೇಡಿಕೆಗೆ ಬರುತ್ತೇನೆ. ಮಕ್ಕಳನ್ನು ಪ್ರಶ್ನೋತ್ತರ ಕಲಾಪದ ಹೊತ್ತಿಗೇ ಒಳಗೆ ಬಿಡಿ. ಶಾಸಕರು ಪ್ರಶ್ನೆಗಳನ್ನು ಮೊದಲೇ ಬರೆದು ಕೊಟ್ಟಿರುತ್ತಾರೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಎದ್ದು ನಿಂತು ಉತ್ತರಿಸಬೇಕು, ಅದರ ಮೇಲೆ ಉಪಪ್ರಶ್ನೆಯನ್ನೂ ಕೇಳಬಹುದು. ಚುಕ್ಕೆ ಇಲ್ಲದಿದ್ದರೆ ಲಿಖಿತ ಉತ್ತರ. ಆ ದಿನದ ಪಟ್ಟಿ ಹೇಗೂ ತಯಾರಾಗಿರುತ್ತದೆ. ಅದರ ಒಂದೊಂದು ಪ್ರತಿ ಗ್ಯಾಲರಿಗೆ ಹೋಗುವ ಮಕ್ಕಳಿಗೂ ಸಿಗಲಿ. ತಮ್ಮ ಕ್ಷೇತ್ರದ ಶಾಸಕರು ಏನು ಕೇಳಿದ್ದಾರೆ ಅಂತ ಹುಡುಕಲಿ. ಕೇಳಿಲ್ಲದಿದ್ದರೆ ಅದೂ ಗೊತ್ತಾಗಲಿ.

ಇನ್ನೊಂದು ಮಾತು. ಬೆಳಗಾವಿಗಿಂತ ಮೊದಲು ಮಕ್ಕಳನ್ನು ಗ್ರಾಮ ಪಂಚಾಯಿತಿಗೆ ಕರೆದುಕೊಂಡು ಹೋಗಬೇಕು. ಮಕ್ಕಳ ಗ್ರಾಮ ಸಭೆ ಅಂತ ನಮ್ಮ ರಾಜ್ಯದಲ್ಲಿ ಇದ್ದೇ ಇದೆ. ನಾನು ಕಂಡ ಒಂದು ಸಭೆಯಲ್ಲಿ ಬ್ಯಾನರ್ ಕಟ್ಟಿ, ಸ್ವಾಗತ ಭಾಷಣ ಮುಗಿಸಿ, ಬಿಸ್ಕತ್ತು ಹಂಚಿ, ಫೋಟೊ ತೆಗೆದು ಕಳಿಸಿದರು. ಶಾಲೆಯ ಶೌಚಾಲಯಕ್ಕೆ ನೀರಿಲ್ಲ ಎಂದು ಹುಡುಗಿಯರು ಬರೆದು ಕೊಟ್ಟ ಚೀಟಿಗೆ ಇವತ್ತಿನವರೆಗೂ ಉತ್ತರ ಬಂದಿಲ್ಲ. ವಿಧಾನಸಭೆಯಲ್ಲಿ ಲಿಖಿತ ಉತ್ತರ ಕೊಡುವ ಪದ್ಧತಿ ಇದೆ ಅಲ್ವಾ, ಪಂಚಾಯಿತಿಯಲ್ಲೂ ಅದನ್ನೇ ಮಾಡಲಿ. ಆಗುತ್ತೆ ಅಂದರೆ ಯಾವಾಗ, ಆಗಲ್ಲ ಅಂದರೆ ಯಾಕೆ ಎಂದು ಬರೆದು, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಸಹಿ ಹಾಕಿ, ಮುಂದಿನ ಸಭೆಯೊಳಗೆ ಶಾಲೆಗೆ ಕಳಿಸಲಿ.

— ಒಬ್ಬ ಕಬ್ಬು ಬೆಳೆಗಾರ, ಜಮಖಂಡಿ ತಾಲ್ಲೂಕು, ಬಾಗಲಕೋಟೆ ಜಿಲ್ಲೆ