ಡ್ರೈವ್ ಎನ್‌ಟಿಎಫ್‌ಎಸ್‌ಗೆ ಬದಲಿಸುವ ಮುನ್ನ ಬ್ಯಾಕಪ್ ಕಡ್ಡಾಯ: ನಮ್ಮ ಗ್ರಾಹಕರಿಗೆ ಪತ್ರ

ನಮಸ್ಕಾರ.

ಮುಂದಿನ ತಿಂಗಳ 1ರಿಂದ, ನಿಮ್ಮ ಡ್ರೈವನ್ನು ಫ್ಯಾಟ್32 ಅನ್ನುವ, ಫೈಲ್ ಜೋಡಿಸಿಡುವ ಒಂದು ವಿಧಾನದಿಂದ ಇನ್ನೊಂದು ವಿಧಾನವಾದ ಎನ್‌ಟಿಎಫ್‌ಎಸ್‌ಗೆ ಬದಲಿಸುವ ಮೊದಲು ಅದರಲ್ಲಿರುವ ಎಲ್ಲದರ ಬ್ಯಾಕಪ್, ಅಂದರೆ ಇನ್ನೊಂದು ಕಾಪಿ, ತೆಗೆಯುತ್ತೇವೆ. ಇಷ್ಟು ದಿನ 200 ರೂಪಾಯಿಗೆ, ನೀವು ಪೇಟೆ ಕೆಲಸ ಮುಗಿಸಿ ಬರುವಷ್ಟರಲ್ಲಿ ಮಾಡಿ ಕೊಡುತ್ತಿದ್ದೆವು. ಇನ್ನು ಮುಂದೆ 500 ರೂಪಾಯಿ. ಡ್ರೈವ್ ಒಂದು ರಾತ್ರಿ ನಮ್ಮಲ್ಲೇ ಇರಬೇಕು.

"ಒಂದು ಸಾಲಿನ ಕಮಾಂಡ್‌ಗೆ 500 ರೂಪಾಯಿನಾ?" ಬೋರ್ಡ್ ಹಾಕಿದ ದಿನದಿಂದ ಇದನ್ನೇ ಕೇಳುತ್ತಿದ್ದೇವೆ. ಬೇಜಾರಾಗಿದೆ, ಅದಕ್ಕೇ ಬಿಡಿಸಿ ಹೇಳುತ್ತೇವೆ. ಹೌದು, ಕಮಾಂಡ್ ಒಂದೇ ಸಾಲು. ವಿಂಡೋಸ್ ಒಳಗೇ ಇದೆ, ಯಾರು ಬೇಕಾದರೂ ಹೊಡೆಯಬಹುದು. ಫಾರ್ಮ್ಯಾಟ್ ಮಾಡಬೇಕಿಲ್ಲ, ಅಂದರೆ ಡ್ರೈವ್ ಪೂರ್ತಿ ಅಳಿಸಬೇಕಿಲ್ಲ, ಫೈಲ್‌ಗಳು ಹಾಗೇ ಉಳಿಯುತ್ತವೆ ಅನ್ನುವುದೂ ನಿಜ. ಆದರೆ ಅದು ಓಡುವಾಗ ಯಾವ ಫೈಲ್ ಡಿಸ್ಕಿನಲ್ಲಿ ಎಲ್ಲಿದೆ ಅನ್ನುವ ಪಟ್ಟಿಯೇ ಬದಲಾಗುತ್ತಿರುತ್ತದೆ. ಆ ಹೊತ್ತಿಗೆ ಕರೆಂಟ್ ಹೋದರೆ, ಕೇಬಲ್ ಅಲುಗಾಡಿದರೆ, ಡಿಸ್ಕ್ ಮೊದಲೇ ಸ್ವಲ್ಪ ಕೆಟ್ಟಿದ್ದರೆ ಕಷ್ಟ. ಫೋಟೊ ಡಿಸ್ಕಿನಲ್ಲೇ ಇರುತ್ತದೆ, ಕಂಪ್ಯೂಟರ್‌ಗೆ ಮಾತ್ರ ಸಿಗುವುದಿಲ್ಲ. ಇನ್ನೊಂದು ವಿಷಯ, ಆ ಕಮಾಂಡ್‌ನಲ್ಲಿ ವಾಪಸ್ ಫ್ಯಾಟ್32ಗೆ ಬರುವ ದಾರಿ ಇಲ್ಲ. ಬರಬೇಕೆಂದರೆ ಎಲ್ಲ ಬೇರೆ ಕಡೆ ತೆಗೆದಿಟ್ಟು ಫಾರ್ಮ್ಯಾಟ್ ಮಾಡಬೇಕು.

ದುಡ್ಡು ಹೋಗುವುದು ಕಮಾಂಡ್‌ಗಲ್ಲ, ಕಾಪಿಗೆ. ಹಳೇ ಯುಎಸ್‌ಬಿ 2 ಡ್ರೈವ್ ಸೆಕೆಂಡಿಗೆ ಸುಮಾರು 30 ಎಂಬಿ ಕೊಡುತ್ತದೆ. 500 ಜಿಬಿ ತುಂಬಿದ್ದರೆ ನಾಲ್ಕೂವರೆ ಗಂಟೆ ದಾಟುತ್ತದೆ. ಸಣ್ಣ ಸಣ್ಣ ಫೋಟೊ ಸಾವಿರಗಟ್ಟಲೆ ಇದ್ದರೆ ಇನ್ನೂ ಜಾಸ್ತಿ. ಆಮೇಲೆ ಎರಡೂ ಕಡೆಯ ಫೈಲ್ ಎಣಿಕೆ, ಒಟ್ಟು ಗಾತ್ರ ತಾಳೆ ನೋಡಬೇಕು. ನಿಮ್ಮ ಫೋಟೊಗಳನ್ನು ನಾವು ತೆರೆದು ನೋಡುವುದಿಲ್ಲ. ಇದಕ್ಕಾಗಿ 2 ಟಿಬಿಯ ಎರಡು ಹೊಸ ಡಿಸ್ಕ್ ತಂದಿದ್ದೇವೆ, ಯುಪಿಎಸ್ ಬ್ಯಾಟರಿ ಬದಲಿಸಿದ್ದೇವೆ. ಬ್ಯಾಟರಿ ರೇಟು ಏರಿಸಿದವರು ನಾವಲ್ಲ. ಸಾಗರದ ಮಳೆಗಾಲದ ಕರೆಂಟಿನ ಕಥೆ ನಿಮಗೆ ನಾವು ಹೇಳಬೇಕಾ?

ಆ ಬ್ಯಾಟರಿಯನ್ನು ಮೊದಲೇ ಬದಲಿಸಬೇಕಿತ್ತು. ಹೋದ ಆಷಾಢದಲ್ಲಿ ಒಬ್ಬ ಅಕ್ಕನ ಡ್ರೈವ್ ಟೇಬಲ್ ಮೇಲಿತ್ತು, ಕೆಲಸ ಅರ್ಧ ಆಗಿತ್ತು. ಕರೆಂಟ್ ಹೋಯಿತು. ಯುಪಿಎಸ್ ನಾಲ್ಕು ಸಲ ಕೂಗಿ ನಿಂತುಹೋಯಿತು. ಡ್ರೈವಿನ ನೀಲಿ ದೀಪ ಆರಿದ್ದು ಇನ್ನೂ ಕಣ್ಣ ಮುಂದಿದೆ. ರಿಕವರಿ ಸಾಫ್ಟ್‌ವೇರ್ ಹಾಕಿಕೊಂಡು ಮೂರು ದಿನ ಕೂತೆವು. ಬಹುಪಾಲು ಸಿಕ್ಕಿತು. ಮಗನ ನಾಮಕರಣದ ಫೋಲ್ಡರ್ ಸಿಗಲಿಲ್ಲ. ದುಡ್ಡು ವಾಪಸ್ ಕೊಟ್ಟೆವು, ಆದರೆ ದುಡ್ಡಿನಿಂದ ತುಂಬಿಕೊಡುವ ನಷ್ಟ ಅಲ್ಲ ಅದು. ಅಕ್ಕ, ನೀವು ಇದನ್ನು ಓದುತ್ತಿದ್ದರೆ, ಇನ್ನೊಮ್ಮೆ ಕ್ಷಮೆ ಕೇಳುತ್ತೇವೆ. ತಪ್ಪು ನಮ್ಮದೇ.

ಹಾಗಾದರೆ ಬದಲಿಸುವುದೇ ಬೇಡವಾ? ಎಲ್ಲರಿಗೂ ಬೇಕಿಲ್ಲ. ಫ್ಯಾಟ್32ರಲ್ಲಿ 4 ಜಿಬಿ ಮುಟ್ಟುವ ಒಂದೇ ಫೈಲ್ ಹಿಡಿಯುವುದಿಲ್ಲ. ರಾತ್ರಿಯಿಡೀ ಯಕ್ಷಗಾನದ ಆಟದ ವಿಡಿಯೊ ಮಾಡುವವರು "300 ಜಿಬಿ ಖಾಲಿ ಇದೆ, ಆದರೂ ಕಾಪಿ ಆಗಲ್ಲ ಅನ್ನುತ್ತೆ" ಎಂದು ಬರುವುದು ಇದಕ್ಕೇ. ಅಂಥವರಿಗೆ ಎನ್‌ಟಿಎಫ್‌ಎಸ್ ಬೇಕು. ಹಳೇ ವಿಂಡೋಸ್ ಎಕ್ಸ್‌ಪಿ ಕಾಲದ ಡಿ ಡ್ರೈವಿನಲ್ಲಿ ಅಡಿಕೆ ಲೆಕ್ಕ ಇಟ್ಟುಕೊಂಡವರಿಗೂ ಒಳ್ಳೆಯದೇ. ಎನ್‌ಟಿಎಫ್‌ಎಸ್ ತಾನು ಮಾಡುವ ಬದಲಾವಣೆಯನ್ನು ಮೊದಲು ಬರೆದಿಟ್ಟುಕೊಳ್ಳುತ್ತದೆ. ಹಾಗಾಗಿ ಕರೆಂಟ್ ಹೋಗಿ ಬಂದರೂ ಪಟ್ಟಿ ಹಾಳಾಗುವುದು ಕಡಿಮೆ. ಬದಲಿಸುವ ಆ ಹೊತ್ತು ಒಂದೇ ಭಯ.

ಅದೇ ಡ್ರೈವ್ ಕಾರ್ ಸ್ಟೀರಿಯೊಗೋ ಹಳೇ ಟಿವಿಗೋ ಹೋಗುವುದಿದ್ದರೆ ಸುಮ್ನೆ ಬಿಟ್ಟುಬಿಡಿ. ಅವುಗಳಲ್ಲಿ ಎಷ್ಟೋ ಫ್ಯಾಟ್32 ಮಾತ್ರ ಓದುತ್ತವೆ. ಮಕ್ಕಳ ಮ್ಯಾಕ್‌ಗೂ ಹಾಕುವುದಿದ್ದರೆ, ಮ್ಯಾಕ್ ಎನ್‌ಟಿಎಫ್‌ಎಸ್ ಡ್ರೈವನ್ನು ಓದುತ್ತದೆ, ಅದಕ್ಕೆ ಬರೆಯುವುದಿಲ್ಲ. ಅಂಥವರಿಗೆ ವಿಂಡೋಸ್, ಮ್ಯಾಕ್ ಎರಡೂ ಓದಿ ಬರೆಯುವ ಎಕ್ಸ್‌ಫ್ಯಾಟ್ ಅನ್ನುವ ಮೂರನೇ ವಿಧಾನ ಸರಿ. ಅದಕ್ಕೆ ಫಾರ್ಮ್ಯಾಟ್ ಮಾಡಲೇಬೇಕು, ಅಂದರೆ ಅಲ್ಲೂ ಬ್ಯಾಕಪ್ ಬೇಕು. ಯಾವುದು ಬೇಕೆಂದು ನೋಡಿ ಹೇಳುವುದಕ್ಕೆ ನಾವು ದುಡ್ಡು ತೆಗೆದುಕೊಂಡವರಲ್ಲ, ಇನ್ನೂ ತೆಗೆದುಕೊಳ್ಳುವುದಿಲ್ಲ. ಬದಲಿಸಬೇಡಿ ಎಂದು ಹೇಳಿ ಎಷ್ಟೋ ಜನರನ್ನು ವಾಪಸ್ ಕಳಿಸಿದ್ದೇವೆ, ನಿಮಗೇ ಗೊತ್ತು.

ನಿಮ್ಮ ಹತ್ತಿರವೇ ಇನ್ನೊಂದು ಡಿಸ್ಕಿನಲ್ಲಿ ಪೂರ್ತಿ ಕಾಪಿ ಇದ್ದರೆ ಅದನ್ನೂ ತನ್ನಿ. ತಾಳೆ ನೋಡಿ, ಹಳೇ 200 ರೂಪಾಯಿಗೇ ಮಾಡಿಕೊಡುತ್ತೇವೆ. ಎರಡೂ ಬೇಡ ಅಂದರೆ ಆ ಡ್ರೈವ್ ನಾವು ಮುಟ್ಟುವುದಿಲ್ಲ, ದಯವಿಟ್ಟು ಒತ್ತಾಯ ಮಾಡಬೇಡಿ. ನಾವು ತೆಗೆದ ಕಾಪಿ ಏಳು ದಿನ ನಮ್ಮಲ್ಲಿರುತ್ತದೆ. ಮನೆಗೆ ಹೋಗಿ ನಿಧಾನಕ್ಕೆ ಎಲ್ಲ ತೆರೆದು ನೋಡಿ. ಏನಾದರೂ ಕಾಣದಿದ್ದರೆ ಅಷ್ಟರೊಳಗೆ ಬನ್ನಿ. ಎಂಟನೇ ದಿನ ಅಳಿಸಿಬಿಡುತ್ತೇವೆ. ಈ ತಿಂಗಳೊಳಗೆ ಡ್ರೈವ್ ಕೊಟ್ಟವರಿಗೆ ಹಳೇ ರೇಟೇ, ಬ್ಯಾಕಪ್ ಸೇರಿಸಿ.

ಇಂತಿ,
ನಿಮ್ಮ ಕಂಪ್ಯೂಟರ್ ಅಂಗಡಿಯವರು
ಸಾಗರ